ಕಾರಿನ ಹೀಟರ್ ತಣ್ಣನೆಯ ಗಾಳಿ ಊದತೊಡಗಿದಾಗ

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಕಾರಿನ ಹೀಟರ್ ಬರಿಯ ಸುಖಸಾಧನವಲ್ಲ. ಇಲ್ಲಿನ ಮಿನಿಯಾಪೊಲಿಸ್ ನಗರದಲ್ಲಿ 2019ರ ಜನವರಿ 30ರಂದು ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಷ್ಟು ಕಠಿಣವಲ್ಲದ ಚಳಿಗಾಲದಲ್ಲಿಯೂ ಮೈನಸ್ 15 ಅಥವಾ ಮೈನಸ್ 20 ಡಿಗ್ರಿಯ ಬೆಳಗುಗಳು ಇಲ್ಲಿಯವರಿಗೆ ಹೊಸತಲ್ಲ. ಅಂಥ ಬೆಳಗಿನಲ್ಲಿ ಹೀಟರ್ ಕೆಲಸ ಮಾಡದಿದ್ದರೆ, ಕೈಕಾಲು ಮರಗಟ್ಟುವುದಕ್ಕೂ ಮೊದಲೇ, ಒಳಗೆ ಕುಳಿತವರ ಉಸಿರಿನ ತೇವ ಮುಂದಿನ ಗಾಜಿನ ಒಳಮೈಗೆ ಹತ್ತಿಕೊಂಡು ಹೆಪ್ಪುಗಟ್ಟುತ್ತದೆ ಮತ್ತು ಎದುರಿನ ರಸ್ತೆ ಕಾಣದಾಗುತ್ತದೆ. ಅಮೆರಿಕದ ವಾಹನ ಸುರಕ್ಷತಾ ಮಾನದಂಡಗಳಲ್ಲಿ 103ನೆಯದು ಕಾರುಗಳಲ್ಲಿ ಗಾಜಿನ ಹಿಮವನ್ನೂ ಮಂಜನ್ನೂ ತೊಲಗಿಸುವ ವ್ಯವಸ್ಥೆ ಇರಲೇಬೇಕೆಂದು ವಿಧಿಸಿರುವುದು ಸುಮ್ಮನೆ ಅಲ್ಲ. ಆದ್ದರಿಂದ ನವೆಂಬರಿನ ಮೊದಲ ಹಿಮ ಬಿದ್ದ ವಾರದಲ್ಲಿ ನಮ್ಮ ಹಳೆಯ ಸೆಡಾನ್ ಕಾರಿನ ಹೀಟರ್ ತಣ್ಣನೆಯ ಗಾಳಿಯನ್ನು ಊದತೊಡಗಿದಾಗ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗಬೇಕಾದ ನಮಗೆ ಅದನ್ನು ಮುಂದೂಡುವ ಅವಕಾಶವೇ ಇರಲಿಲ್ಲ.

ಫೋನಿನಲ್ಲಿ ವಿಚಾರಿಸಿದಾಗ ಹತ್ತಿರದ ಒಂದು ವರ್ಕ್‌ಶಾಪಿನವರು ಕಾರನ್ನು ನೋಡುವ ಮೊದಲೇ ಹೀಟರ್ ಕೋರ್ ಬದಲಿಸಬೇಕಾದೀತು, ಅದಕ್ಕಾಗಿ ಡ್ಯಾಶ್‌ಬೋರ್ಡನ್ನು ಪೂರ್ತಿ ಕಳಚಬೇಕು, ಖರ್ಚು ಸಾವಿರ ಡಾಲರ್ ದಾಟುತ್ತದೆ ಎಂದರು. ಅವರ ಊಹೆ ತಪ್ಪೇ ಆಗಿರಬೇಕೆಂದಿಲ್ಲ. ಆದರೆ ತಣ್ಣನೆಯ ಗಾಳಿಗೆ ಕಾರಣಗಳು ಐದಾರು ಇರುವಾಗ, ಅವುಗಳಲ್ಲಿ ಅತ್ಯಂತ ದುಬಾರಿಯಾದದ್ದರಿಂದಲೇ ಆರಂಭಿಸುವುದು ನನಗೆ ಸರಿ ಎನಿಸಲಿಲ್ಲ. ಬಿಸಿ ಹುಟ್ಟುವುದು ಎಲ್ಲಿ, ಅದು ನಮ್ಮ ಕಡೆಗೆ ಬರುವುದು ಯಾವ ದಾರಿಯಲ್ಲಿ, ಆ ದಾರಿಯಲ್ಲಿ ಅದು ನಿಂತುಹೋಗಿರುವುದು ಯಾವ ಜಾಗದಲ್ಲಿ ಎಂಬುದನ್ನು ಒಂದೊಂದಾಗಿ ನೋಡುತ್ತ ಹೋಗಬೇಕು, ಅಲ್ಲಿಯವರೆಗೆ ಯಾವ ಬಿಡಿಭಾಗವನ್ನೂ ಕೊಳ್ಳಬಾರದು ಎಂದು ನಿಶ್ಚಯಿಸಿದೆ.

ಪೆಟ್ರೋಲ್ ಕಾರಿನ ಹೀಟರಿನಲ್ಲಿ ಬಿಸಿಯನ್ನು ಉಂಟುಮಾಡುವ ಪ್ರತ್ಯೇಕ ಒಲೆಯಾಗಲಿ ವಿದ್ಯುತ್ ಸುರುಳಿಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಉರಿದ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಇಂಜಿನ್ನಿನ ಸುತ್ತ ಹರಿಯುವ ಕೂಲಂಟ್ ದ್ರವಕ್ಕೆ ಸೇರುತ್ತದೆ. ಆ ಬಿಸಿ ದ್ರವದ ಒಂದು ಕವಲು ಎರಡು ರಬ್ಬರ್ ಪೈಪುಗಳ ಮೂಲಕ, ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವೆ ಇರುವ ತಗಡಿನ ಗೋಡೆಯನ್ನು ದಾಟಿ, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಒಂದು ಪುಟ್ಟ ರೇಡಿಯೇಟರಿಗೆ ಬಂದು ಹೋಗುತ್ತದೆ. ಅದನ್ನೇ ಹೀಟರ್ ಕೋರ್ ಎನ್ನುವುದು. ದಪ್ಪ ಪುಸ್ತಕವೊಂದರ ಗಾತ್ರದ ಈ ಕೋರಿನ ಮೇಲೆ ಫ್ಯಾನ್ ಗಾಳಿಯನ್ನು ಹಾಯಿಸಿದಾಗ ಆ ಗಾಳಿ ಬಿಸಿಯಾಗಿ ನಮ್ಮ ಮುಖಕ್ಕೆ ಬರುತ್ತದೆ. ಬಿಸಿ ಬೇಡವಾದಾಗ ಗಾಳಿಯನ್ನು ಕೋರಿನ ಪಕ್ಕದಿಂದ ಹಾಯಿಸಿಬಿಡುವ ಒಂದು ಪ್ಲಾಸ್ಟಿಕ್ ಕದ ಅಲ್ಲೇ ಇರುತ್ತದೆ. ನಾವು ತಿರುಗಿಸುವ ಕೆಂಪು-ನೀಲಿ ಗುಂಡಿ ಬಹುಪಾಲು ಕಾರುಗಳಲ್ಲಿ ಈ ಕದವನ್ನೇ ಅತ್ತಿತ್ತ ಆಡಿಸುವುದು. ಕೂಲಂಟ್ ಸಾಕಷ್ಟು ಬಿಸಿಯಾಗದಿರುವುದು, ಬಿಸಿಯಾದದ್ದು ಕೋರಿಗೆ ಬಾರದಿರುವುದು, ಬಂದ ಬಿಸಿಯನ್ನು ಗಾಳಿ ಎತ್ತಿಕೊಳ್ಳದಿರುವುದು, ದೋಷ ಇವುಗಳಲ್ಲಿ ಒಂದೇ ಆಗಿರಬೇಕು.

ನಮ್ಮ ಕಾರಿನ ಲಕ್ಷಣಗಳನ್ನು ಇಲ್ಲಿ ಸರಿಯಾಗಿ ಹೇಳಬೇಕು, ಏಕೆಂದರೆ ಮುಂದೆ ದಾರಿ ತೋರಿಸಿದ್ದು ಅವೇ. ಫ್ಯಾನ್ ಎಲ್ಲ ವೇಗಗಳಲ್ಲಿಯೂ ಜೋರಾಗಿ ತಿರುಗುತ್ತಿತ್ತು, ಆದ್ದರಿಂದ ಫ್ಯೂಸು, ಫ್ಯಾನಿನ ಮೋಟಾರು, ಅದರ ವೇಗವನ್ನು ನಿಯಂತ್ರಿಸುವ ರೆಸಿಸ್ಟರ್ ಇವುಗಳ ಮೇಲೆ ಸಂಶಯವಿರಲಿಲ್ಲ. ಇಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ಎಂದಿನಂತೆ ನಡುವಿಗೆ ಬಂದು ನಿಲ್ಲುತ್ತಿತ್ತು. ಹೆದ್ದಾರಿಯಲ್ಲಿ ಓಡುವಾಗ ಗಾಳಿ ಉಗುರುಬೆಚ್ಚಗೆ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ತಣ್ಣಗಾಗುತ್ತಿತ್ತು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಮತ್ತೆ ಸ್ವಲ್ಪ ಬೆಚ್ಚಗಾಗುತ್ತಿತ್ತು. ಪಕ್ಕದ ಸೀಟಿನ ಕಡೆಯ ಕಿಂಡಿಯಲ್ಲಿ ಬರುವ ಗಾಳಿಗಿಂತ ಚಾಲಕನ ಕಡೆಯದು ಹೆಚ್ಚು ತಣ್ಣಗಿತ್ತು. ಬೆಳಿಗ್ಗೆ ಕಾರು ಶುರು ಮಾಡಿದ ಸ್ವಲ್ಪ ಹೊತ್ತಿನವರೆಗೆ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಎಂದು ನೀರು ಹರಿದಂಥ ಸದ್ದು ಕೇಳುತ್ತಿತ್ತು.

ಚಳಿನಾಡಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಥರ್ಮೋಸ್ಟಾಟನ್ನು. ಇಂಜಿನ್ ಕಾಯುವವರೆಗೂ ಮುಚ್ಚಿಕೊಂಡಿದ್ದು, ಕೂಲಂಟ್ ಸುಮಾರು 82ರಿಂದ 95 ಡಿಗ್ರಿ ತಲುಪಿದಾಗ ಮಾತ್ರ ತೆರೆದು ಅದನ್ನು ಮುಂದಿನ ದೊಡ್ಡ ರೇಡಿಯೇಟರಿಗೆ ಬಿಡುವುದು ಈ ಕವಾಟದ ಕೆಲಸ. ಅದು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ ಕೂಲಂಟ್ ಆರಂಭದಿಂದಲೇ ಹಿಮಗಾಳಿಗೆ ಒಡ್ಡಿಕೊಂಡು, ಇಂಜಿನ್ ಎಂದಿಗೂ ತನ್ನ ಹದಕ್ಕೆ ಕಾಯುವುದೇ ಇಲ್ಲ. ಆಗ ಹೆದ್ದಾರಿಯಲ್ಲಿ ಹೀಟರ್ ಇನ್ನಷ್ಟು ತಣ್ಣಗಾಗುತ್ತದೆ, ನಿಂತಾಗ ಕೊಂಚ ಬೆಚ್ಚಗಾಗುತ್ತದೆ. ನಮ್ಮ ಕಾರಿನ ನಡವಳಿಕೆ ಇದಕ್ಕೆ ನೇರ ವಿರುದ್ಧವಾಗಿತ್ತು. ಆದರೂ ಮುಳ್ಳನ್ನು ಮಾತ್ರ ನಂಬುವುದು ಸಾಲದು. ಈಚಿನ ಕಾರುಗಳಲ್ಲಿ ಅದು ಸಣ್ಣಪುಟ್ಟ ಏರಿಳಿತಗಳನ್ನು ತೋರಿಸದೆ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. 1996ರಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಓದಲು ಓಬಿಡಿ-2 ಎಂಬ ಸಂಪರ್ಕ ಇರುವುದರಿಂದ, ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಅದಕ್ಕೆ ಸಿಕ್ಕಿಸಿ ಫೋನಿನಲ್ಲಿ ಕೂಲಂಟಿನ ನಿಜವಾದ ಉಷ್ಣತೆಯನ್ನು ನೋಡುತ್ತ ಹೋದೆ. ಅದು ನಿಧಾನವಾಗಿ ಏರಿ 88-90 ಡಿಗ್ರಿಯಲ್ಲಿ ನಿಂತಿತು, ಹೆದ್ದಾರಿಯಲ್ಲಿಯೂ ಕೆಳಗಿಳಿಯಲಿಲ್ಲ. ಥರ್ಮೋಸ್ಟಾಟ್ ಕೆಟ್ಟಾಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಪಿ0128 ಎಂಬ ದೋಷಸಂಕೇತವೂ ಇರಲಿಲ್ಲ. ಅಂದರೆ ಬಿಸಿ ಹುಟ್ಟುತ್ತಿತ್ತು.

ಗಾಳಿಯ ಕದವನ್ನು ಪರೀಕ್ಷಿಸಲು ಹೆಚ್ಚು ಸಮಯ ಬೇಕಾಗಲಿಲ್ಲ. ಗ್ಲೋವ್ ಬಾಕ್ಸನ್ನು ಕಳಚಿ ಕೆಳಗಿಟ್ಟು, ಟಾರ್ಚ್ ಬಿಟ್ಟು ನೋಡುತ್ತಿರುವಾಗ ಪತ್ನಿ ಗುಂಡಿಯನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದಳು. ಪುಟ್ಟ ಮೋಟಾರಿಗೆ ಜೋಡಿಸಿದ ಕಡ್ಡಿ ತಡೆಯಿಲ್ಲದೆ ಪೂರ್ತಿ ಚಲಿಸಿತು. ಮೋಟಾರಿನ ಹಲ್ಲು ಮುರಿದಾಗ ಬರುವ ಟಕಟಕ ಸದ್ದೂ ಇರಲಿಲ್ಲ. ಎಲೆಪುಡಿ ತುಂಬಿದ್ದ ಕ್ಯಾಬಿನ್ ಫಿಲ್ಟರನ್ನು ಅದೇ ಸಂದರ್ಭದಲ್ಲಿ ಬದಲಿಸಿದೆ, ಆದರೆ ಅದು ಗಾಳಿಯ ರಭಸಕ್ಕೆ ಸಂಬಂಧಿಸಿದ್ದೇ ಹೊರತು ಬಿಸಿಗಲ್ಲ.

ಉಳಿದದ್ದು ನಡುವಿನ ದಾರಿ. ಬಾನೆಟ್ ಎತ್ತಿ ಕೂಲಂಟಿನ ರಿಸರ್ವ್ ಡಬ್ಬಿಯನ್ನು ನೋಡಿದರೆ ದ್ರವ ಮೇಲಿನ ಗೆರೆಗಿಂತಲೂ ತುಸು ಹೆಚ್ಚೇ ಇತ್ತು. ಇಲ್ಲಿಗೆ ಬಂದು ಅನೇಕರು ಕೂಲಂಟ್ ಸರಿಯಾಗಿದೆ ಎಂದು ತೀರ್ಮಾನಿಸಿ ಮುಂದಿನದಕ್ಕೆ ಹೋಗುತ್ತಾರೆ. ಆ ವಾರದ ಕೊನೆಯಲ್ಲಿ ಸಕಲೇಶಪುರದಲ್ಲಿರುವ ದೊಡ್ಡಪ್ಪನೊಡನೆ ಮಾತನಾಡುವಾಗ ಈ ವಿಷಯ ಬಂತು. ಶಿರಾಡಿ ಘಾಟಿಯಲ್ಲಿ ವರ್ಷಾನುಗಟ್ಟಲೆ ಲಾರಿ ಓಡಿಸಿದವರು ಅವರು. ಕಾರಿನ ಹೀಟರನ್ನು ಬಳಸಿದ ಅನುಭವ ಅವರಿಗಿಲ್ಲ, ಆದರೆ ಇಂಜಿನ್ನಿನ ನೀರಿನ ವಿಚಾರ ಅವರಿಗೆ ತಿಳಿದಷ್ಟು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ತಿಳಿಯದು.

“ಡಬ್ಬಿ ನೋಡಿ ನಂಬಬೇಡ ಮಗಾ,” ಎಂದರು. “ರೇಡಿಯೇಟರ್ ಕ್ಯಾಪ್ ಬಿಚ್ಚಿ ನೋಡಿದ್ಯಾ?”

“ಇಲ್ಲ ದೊಡ್ಡಪ್ಪ, ಡಬ್ಬಿ ತುಂಬಿದೆಯಲ್ಲ ಅಂತ ಬಿಟ್ಟಿದ್ದೀನಿ.”

“ರಾತ್ರಿಯೆಲ್ಲ ನಿಂತು ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಬಿಚ್ಚು. ಬಿಸಿ ಇದ್ದಾಗ ಮುಟ್ಟಲೇಬೇಡ, ಮುಖ ಮೈ ಎಲ್ಲ ಸುಟ್ಟುಹೋಗುತ್ತೆ. ಬಿಚ್ಚಿ ಒಳಗೆ ನೋಡು, ನೀರು ಬಾಯಿಮಟ್ಟ ಇರಬೇಕು.”

ಬೆಳಿಗ್ಗೆ ಕ್ಯಾಪ್ ತೆಗೆದು ಟಾರ್ಚ್ ಹಿಡಿದರೆ ರೇಡಿಯೇಟರಿನ ಬಾಯಲ್ಲಿ ದ್ರವ ಕಾಣಲೇ ಇಲ್ಲ. ಡಬ್ಬಿ ತುಂಬಿದ್ದೂ ಒಳಗೆ ಖಾಲಿ ಇರುವುದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ನನ್ನ ಕೈಯಲ್ಲಿದ್ದ ಆ ಕ್ಯಾಪಿನಲ್ಲಿಯೇ ಇತ್ತು. ಈ ಕ್ಯಾಪ್ ಸಾಮಾನ್ಯ ಮುಚ್ಚಳವಲ್ಲ, ಎರಡು ಕವಾಟಗಳುಳ್ಳ ಸಾಧನ. ಇಂಜಿನ್ ಕಾದಾಗ ಕೂಲಂಟ್ ಹಿಗ್ಗಿ ಒತ್ತಡ ಏರುತ್ತದೆ; ಆ ಒತ್ತಡವನ್ನು ಸುಮಾರು 1.1 ಬಾರ್‌ವರೆಗೆ ಹಿಡಿದಿಟ್ಟು, ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ರಿಸರ್ವ್ ಡಬ್ಬಿಗೆ ಬಿಡುವುದು ಮೊದಲನೆಯ ಕವಾಟದ ಕೆಲಸ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲು ಬೆರೆತ ಕೂಲಂಟ್ ತೆರೆದ ಪಾತ್ರೆಯಲ್ಲಾದರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಒಂದು ಬಾರ್‌ನಷ್ಟು ಒತ್ತಡವಿದ್ದರೆ ಸುಮಾರು 129 ಡಿಗ್ರಿಯವರೆಗೆ ಕುದಿಯುವುದಿಲ್ಲ. ಇಂಜಿನ್ ತಣ್ಣಗಾದಾಗ ಒಳಗೆ ಹುಟ್ಟುವ ನಿರ್ವಾತದ ಸೆಳೆತಕ್ಕೆ ಎರಡನೆಯ ಕವಾಟ ತೆರೆದು ಡಬ್ಬಿಯಲ್ಲಿರುವ ದ್ರವವನ್ನು ಮರಳಿ ಒಳಕ್ಕೆ ಎಳೆದುಕೊಳ್ಳಬೇಕು. ನಮ್ಮ ಕ್ಯಾಪಿನ ಮೇಲಂಚಿನ ರಬ್ಬರ್ ಸುಕ್ಕುಗಟ್ಟಿ ಬಿರುಕು ಬಿಟ್ಟಿತ್ತು. ಆದ್ದರಿಂದ ತಣ್ಣಗಾಗುವಾಗ ಡಬ್ಬಿಯ ಕೂಲಂಟ್ ಬದಲು ಆ ಬಿರುಕಿನ ಮೂಲಕ ಹೊರಗಿನ ಗಾಳಿಯೇ ಒಳಕ್ಕೆ ನುಗ್ಗುತ್ತಿತ್ತು. ಕಾದಾಗ ಡಬ್ಬಿಗೆ ಹೋದದ್ದು ಹಿಂದಿರುಗುತ್ತಿರಲಿಲ್ಲ. ಡಬ್ಬಿ ತುಂಬಿ ಚೆಲ್ಲುತ್ತಿತ್ತು ಎಂಬುದಕ್ಕೆ ಅದರ ಬುಡದಲ್ಲಿ ಒಣಗಿ ಕೂತಿದ್ದ ಗುಲಾಬಿ ಬಣ್ಣದ ಪೊರೆ ಸಾಕ್ಷಿಯಾಗಿತ್ತು.

ವ್ಯವಸ್ಥೆಯಲ್ಲಿ ಸೇರಿದ ಗಾಳಿ ಎತ್ತರದ ಜಾಗಗಳಲ್ಲಿ ಕೂಡಿಕೊಳ್ಳುತ್ತದೆ. ಬಹಳ ಕಾರುಗಳಲ್ಲಿ ಹೀಟರ್ ಕೋರ್ ಇರುವುದು ಅಂಥ ಎತ್ತರದಲ್ಲಿಯೇ, ಹೀಗಾಗಿ ಕೂಲಂಟ್ ಕಡಿಮೆಯಾದಾಗ ಇಂಜಿನ್ ಅತಿಯಾಗಿ ಬಿಸಿಯೇರುವುದಕ್ಕಿಂತ ಮುಂಚೆಯೇ ಹೀಟರ್ ತಣ್ಣಗಾಗುತ್ತದೆ. ಗುಳುಗುಳು ಸದ್ದಿಗೂ ಇದೇ ಕಾರಣ. ಬೆಚ್ಚಗಿನ ಗಾಳಿಯ ಅಗತ್ಯವೇ ಬೀಳದ ನಮ್ಮ ಬಯಲುಸೀಮೆಯಲ್ಲಿ ಈ ಸೂಚನೆ ಯಾರ ಗಮನಕ್ಕೂ ಬಾರದೆ ನೇರವಾಗಿ ಇಂಜಿನ್ ಕುದಿಯುವ ಹಂತಕ್ಕೇ ಹೋಗಿಬಿಡುತ್ತದೆ ಎಂದು ಆಗ ಹೊಳೆಯಿತು. ಕರ್ನಾಟಕದಲ್ಲಿ ಕಾರು ಇಟ್ಟುಕೊಂಡವರು ಎಂದಾದರೊಮ್ಮೆ, ಇಂಜಿನ್ ಕಾದ ಮೇಲೆ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ನೋಡುವುದು ನಿಜಕ್ಕೂ ಉಪಯುಕ್ತ ಪರೀಕ್ಷೆ. ಘಾಟಿ ಏರುವಾಗ ಇಂಜಿನ್ ಬಿಸಿಯೇರತೊಡಗಿದರೆ ಅದೇ ಹೀಟರನ್ನು ಜೋರಾಗಿ ಹಾಕಿ, ಕಿಟಕಿ ಇಳಿಸಿ, ಇಂಜಿನ್ನಿನ ಬಿಸಿಯ ಒಂದಂಶವನ್ನು ಹೊರಹಾಕುತ್ತ ಸುರಕ್ಷಿತವಾಗಿ ನಿಲ್ಲಿಸುವ ಜಾಗದವರೆಗೆ ಹೋಗಲೂ ಆಗುತ್ತದೆ.

ಆದರೆ ಕ್ಯಾಪ್ ಒಂದೇ ಕಾರಣ ಎಂದು ನಂಬಿ ಸುಮ್ಮನಾಗುವ ಮೊದಲು, ಕೂಲಂಟ್ ಬೇರೆಲ್ಲಿಯೂ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯವಾಗಿತ್ತು. ಇಲ್ಲಿನ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಉಪಕರಣಗಳನ್ನು ಎರವಲು ಕೊಡುತ್ತವೆ; ಪೂರ್ತಿ ಮರಳಿಸಿದರೆ ಠೇವಣಿಯೂ ಪೂರ್ತಿ ಮರಳುತ್ತದೆ. ಒತ್ತಡ ಪರೀಕ್ಷೆಯ ಕೈಪಂಪನ್ನು ತಂದು ರೇಡಿಯೇಟರಿನ ಬಾಯಿಗೆ ಜೋಡಿಸಿ ಒಂದು ಬಾರ್‌ವರೆಗೆ ಒತ್ತಡ ಏರಿಸಿ ಬಿಟ್ಟೆ. ಕಾಲು ಗಂಟೆಯ ಬಳಿಕವೂ ಅದರ ಮುಳ್ಳು ಕದಲಲಿಲ್ಲ. ಕೂಲಂಟನ್ನು ಸುತ್ತಿಸುವ ವಾಟರ್ ಪಂಪ್ ಸೋರಿದರೆ ಹನಿ ಕಾಣುವ, ಅದರ ಕೆಳಗಿನ ಸಣ್ಣ ತೂತು ಒಣಗಿತ್ತು. ಕಾರಿನ ಒಳಗೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿರಲಿಲ್ಲ, ಕೋರ್ ಸೋರುವಾಗ ಬರುವ ಸಿಹಿ ವಾಸನೆಯಾಗಲಿ, ಗಾಜಿನ ಮೇಲೆ ಜಿಡ್ಡಿನ ಮಬ್ಬಾಗಲಿ ಇರಲಿಲ್ಲ. ಅದೇ ಪಂಪಿಗೆ ನಮ್ಮ ಹಳೆಯ ಕ್ಯಾಪನ್ನು ಸಿಕ್ಕಿಸಿ ಪರೀಕ್ಷಿಸಿದರೆ ಅದು ಅರ್ಧದಷ್ಟು ಒತ್ತಡವನ್ನೂ ಹಿಡಿಯಲಿಲ್ಲ.

ಇನ್ನೂ ಒಂದು ಭಯವಿತ್ತು. ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಬಿಗಿಯಾಗಿ ಕೂರುವ ಹೆಡ್ ಗ್ಯಾಸ್ಕೆಟ್ ಎಂಬ ತೆಳು ಪದರ ಸುಟ್ಟಿದ್ದರೆ ಉರಿದ ಅನಿಲವೇ ಕೂಲಂಟಿಗೆ ನುಗ್ಗಿ ಗಾಳಿಗುಳ್ಳೆಗಳನ್ನು ತುಂಬುತ್ತದೆ, ಕೂಲಂಟನ್ನು ಡಬ್ಬಿಗೆ ತಳ್ಳುತ್ತದೆ. ಲಕ್ಷಣಗಳು ಬಹುಮಟ್ಟಿಗೆ ಇವೇ. ಇದನ್ನು ತಿಳಿಯಲು ರೇಡಿಯೇಟರಿನ ಬಾಯಲ್ಲಿ ಸೇರುವ ಅನಿಲವನ್ನು ನೀಲಿ ಬಣ್ಣದ ಒಂದು ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆ ಇದೆ. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಇಂಜಿನ್ ಓಡುತ್ತಿರುವಾಗ ಮಾಡಬೇಕಾದ ಈ ಕೆಲಸಕ್ಕೆ ಗ್ಯಾರೇಜಿನ ದೊಡ್ಡ ಬಾಗಿಲನ್ನು ಪೂರ್ತಿ ಎತ್ತಿಟ್ಟಿದ್ದೆ. ಹೊರಗೆ ಎಷ್ಟೇ ಚಳಿಯಿದ್ದರೂ ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬಾರದು, ಏಕೆಂದರೆ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದ್ರಾವಣ ನೀಲಿಯಾಗಿಯೇ ಉಳಿದಾಗ ನಿಜವಾಗಿಯೂ ನಿರಾಳವೆನಿಸಿತು.

ಇಪ್ಪತ್ತು ಡಾಲರಿಗೂ ಕಡಿಮೆ ಬೆಲೆಯ ಹೊಸ ಕ್ಯಾಪನ್ನು ತಂದು, ಕಾರಿನ ಕೈಪಿಡಿ ಹೇಳಿದ ಬಗೆಯ ಕೂಲಂಟನ್ನು ತುಂಬಿ, ಒಳಗಿನ ಗಾಳಿಯನ್ನು ಹೊರಹಾಕಿದೆ. ಹೀಟರ್ ಕೂಡಲೇ ಸುಧಾರಿಸಿತು. ಗುಳುಗುಳು ಸದ್ದು ನಿಂತಿತು. ಹೆದ್ದಾರಿಯಲ್ಲಿ ಗಾಳಿ ಒಳ್ಳೆಯ ಬಿಸಿಯಾಗಿ ಬರತೊಡಗಿತು. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಅದು ಇನ್ನೂ ಬೆಚ್ಚಗಷ್ಟೇ ಇತ್ತು, ಚಾಲಕನ ಕಡೆಯ ಕಿಂಡಿ ಇನ್ನೂ ಹಿಂದೆಯೇ ಉಳಿದಿತ್ತು. ಇಲ್ಲಿಗೆ ಸಾಕು ಎಂದುಕೊಳ್ಳುವುದು ಸುಲಭವಿತ್ತು, ಆದರೆ ಮುಂದೆ ಜನವರಿಯೂ ಫೆಬ್ರವರಿಯೂ ಬರಲಿದ್ದವು.

ಕೋರಿಗೆ ಹೋಗುವ ಮತ್ತು ಅಲ್ಲಿಂದ ಬರುವ ಎರಡು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡುವುದು ಈ ಇಡೀ ತಪಾಸಣೆಯಲ್ಲಿ ಅತ್ಯಂತ ಬೆಲೆಯುಳ್ಳ ಪರೀಕ್ಷೆ ಎಂದು ನನಗೆ ಅನ್ನಿಸುತ್ತದೆ, ಮತ್ತು ಅದಕ್ಕೆ ಖರ್ಚೇನೂ ಇಲ್ಲ. ಎರಡೂ ಕೈ ಇಡಲಾಗದಷ್ಟು ಬಿಸಿಯಿದ್ದರೆ ಕೂಲಂಟ್ ಚೆನ್ನಾಗಿ ಹರಿಯುತ್ತಿದೆ, ತೊಂದರೆ ಗಾಳಿಯ ಕದದ ಕಡೆ ಇದೆ. ಎರಡೂ ತಣ್ಣಗಿದ್ದರೆ ಕೋರಿನವರೆಗೆ ಬಿಸಿ ಬರುತ್ತಲೇ ಇಲ್ಲ. ಒಂದು ಬಿಸಿಯಿದ್ದು ಇನ್ನೊಂದು ತಣ್ಣಗಿದ್ದರೆ ಕೋರಿನಲ್ಲಿ ಹರಿವು ತೀರ ಮಂದವಾಗಿದೆ. ನಿಖರವಾಗಿ ತಿಳಿಯಲೆಂದು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪೈಪಿನ ಕಪ್ಪು ರಬ್ಬರಿನ ಮೇಲೆ ಹಿಡಿದು ಅಳೆದೆ; ಹೊಳೆಯುವ ಲೋಹದ ಮೇಲೆ ಹಿಡಿದರೆ ಅದು ತಪ್ಪು ಅಂಕಿ ತೋರಿಸುತ್ತದೆ. ಫ್ಯಾನನ್ನು ಮಧ್ಯಮ ವೇಗದಲ್ಲಿಟ್ಟಾಗ ಒಳಹೋಗುವ ಪೈಪು 84 ಡಿಗ್ರಿ ಇದ್ದರೆ ಹೊರಬರುವ ಪೈಪು 41 ಡಿಗ್ರಿ ಇತ್ತು. ಆರೋಗ್ಯವಂತ ಕೋರಿನಲ್ಲಿ ಈ ಅಂತರ ಹತ್ತು-ಇಪ್ಪತ್ತು ಡಿಗ್ರಿ ಮೀರಬಾರದು. ಒಳಗೆ ಕೆಸರು ಕಟ್ಟಿಕೊಂಡಿದೆ ಎಂಬುದು ಬಹುತೇಕ ಖಚಿತವಾಯಿತು. ಕೋರಿನ ಕೆಲವು ಕೊಳವೆಗಳು ಮಾತ್ರ ಮುಚ್ಚಿಹೋದಾಗ ಅದರ ಒಂದು ಪಾರ್ಶ್ವ ಬಿಸಿಯಿದ್ದು ಇನ್ನೊಂದು ತಣ್ಣಗಿರುತ್ತದೆ. ಎಡಬಲ ಕಿಂಡಿಗಳ ವ್ಯತ್ಯಾಸಕ್ಕೂ ಅದೇ ವಿವರಣೆ. ಕೂಲಂಟಿಗೆ ಬಹುಕಾಲ ಗಾಳಿ ಬೆರೆಯುತ್ತಿದ್ದರೆ ಲೋಹ ತುಕ್ಕು ಹಿಡಿಯುವುದು ಹೆಚ್ಚುತ್ತದೆಯಾದ್ದರಿಂದ, ಈ ಕೆಸರಿನ ಹಿಂದೆಯೂ ಆ ಬಿರುಕು ಬಿಟ್ಟ ಕ್ಯಾಪ್ ಇದ್ದಿರುವ ಸಂಭವ ಸಾಕಷ್ಟಿದೆ.

ಕೋರನ್ನು ಬದಲಿಸುವ ಬದಲು ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಲು ಸಾಧ್ಯವೇ ಎಂದು ನೋಡುವುದು ಮುಂದಿನ ಹೆಜ್ಜೆ. ತಣ್ಣಗಾದ ಇಂಜಿನ್ನಿನಿಂದ ಕೂಲಂಟನ್ನು ಅಗಲವಾದ ತಟ್ಟೆಗೆ ಇಳಿಸಿ ಮುಚ್ಚಳವುಳ್ಳ ಕ್ಯಾನಿಗೆ ತುಂಬಿದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ; ನೆಲದ ಮೇಲೆ ಬಿಟ್ಟರೆ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅಪಾಯ. ಇಲ್ಲಿನ ಕೌಂಟಿಗಳು ಮನೆಗಳ ಅಪಾಯಕಾರಿ ತ್ಯಾಜ್ಯವನ್ನು ತೆಗೆದುಕೊಳ್ಳುವ ಕೇಂದ್ರಗಳನ್ನು ನಡೆಸುತ್ತವೆ, ಹಳೆಯ ಕೂಲಂಟ್ ಅಲ್ಲಿಗೇ ಹೋಗಬೇಕು.

ಪೈಪುಗಳನ್ನು ಬಿಡಿಸುವಾಗ ಅತ್ಯಂತ ಎಚ್ಚರ ಬೇಕಾಯಿತು. ವರ್ಷಗಳಿಂದ ಹತ್ತಿಕೊಂಡ ರಬ್ಬರನ್ನು ಜಗ್ಗಿದರೆ ಕೋರಿನ ತೆಳುವಾದ ಅಲ್ಯೂಮಿನಿಯಂ ಮೂತಿ ಬಾಗುತ್ತದೆ ಅಥವಾ ಮುರಿಯುತ್ತದೆ, ಆಗ ಡ್ಯಾಶ್‌ಬೋರ್ಡ್ ಕಳಚುವುದು ಅನಿವಾರ್ಯವಾಗುತ್ತದೆ. ಸ್ಪ್ರಿಂಗ್ ಕ್ಲಿಪ್ಪುಗಳನ್ನು ಹಿಂದಕ್ಕೆ ಸರಿಸಿ, ಪೈಪನ್ನು ಸುತ್ತಿಸಿ ಸಡಿಲಿಸಿ ಒಂದನ್ನು ತೆಗೆದೆ. ಇನ್ನೊಂದು ಅಲುಗಲೇ ಇಲ್ಲವಾದ್ದರಿಂದ ಅದನ್ನು ಉದ್ದಕ್ಕೆ ಸೀಳಿ ಸುಲಿದೆ. ಹೊಸ ಪೈಪಿನ ಬೆಲೆ ಕೋರಿನ ಬೆಲೆಯ ಮುಂದೆ ಏನೂ ಅಲ್ಲ. ಎರಡು ಮೂತಿಗಳಿಗೂ 16 ಮಿಲಿಮೀಟರ್ ಒಳವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ಪೈಪುಗಳನ್ನು ಜೋಡಿಸಿದೆ. ಅಂಗಳದ ನಲ್ಲಿಯನ್ನು ಚಳಿಗಾಲಕ್ಕೆ ಮುಚ್ಚಿಯಾಗಿದ್ದುದರಿಂದ ಗ್ಯಾರೇಜಿಗೆ ತಾಗಿದ ಬಟ್ಟೆ ಒಗೆಯುವ ಕೋಣೆಯ ನಲ್ಲಿಯಿಂದ ಬೆಚ್ಚನೆಯ ನೀರನ್ನು ತಂದೆ.

ಮೊದಲು ಕೂಲಂಟ್ ಹೊರಬರುವ ಮೂತಿಯಿಂದ ನೀರನ್ನು ಒಳಬಿಟ್ಟಾಗ ಇನ್ನೊಂದು ತುದಿಯಲ್ಲಿ ಬಂದದ್ದು ಬೆರಳು ಗಾತ್ರದ ಧಾರೆಯಲ್ಲ, ಸಣ್ಣ ಎಳೆ. ಹರಿವು ಮಂದವಾಗಿರುವುದು ವಾಟರ್ ಪಂಪಿನ ದೌರ್ಬಲ್ಯದಿಂದಲೂ ಆಗಬಹುದು ಎಂಬ ಸಂದೇಹ ಅಲ್ಲಿಗೆ ತೀರಿತು, ಏಕೆಂದರೆ ಇಲ್ಲಿ ಪಂಪಿನ ಪಾತ್ರವೇ ಇರಲಿಲ್ಲ. ನಲ್ಲಿಯನ್ನು ಪೂರ್ತಿ ತಿರುಗಿಸುವ ಆಸೆಯನ್ನು ತಡೆದುಕೊಳ್ಳಬೇಕಾಯಿತು. ಮನೆಯ ನಲ್ಲಿಯ ಒತ್ತಡ ಕೋರ್ ತಡೆದುಕೊಳ್ಳುವುದಕ್ಕಿಂತ ಬಹಳ ಹೆಚ್ಚು, ಕೋರ್ ಒಡೆದರೆ ನೀರು ಡ್ಯಾಶ್‌ಬೋರ್ಡಿನ ಒಳಗೇ ಹರಿಯುತ್ತದೆ. ಮೆಲ್ಲಗೆ ಬಿಡುತ್ತ, ನಿಲ್ಲಿಸುತ್ತ, ದಿಕ್ಕು ಬದಲಿಸುತ್ತ ಹೋದಂತೆ ಮೊದಲು ಮಸುಕಾದ ಗುಲಾಬಿ ನೀರು ಬಂತು, ಆಮೇಲೆ ಒಮ್ಮೆಲೇ ಕಂದು ಬಣ್ಣದ ಕೆಸರು, ಅದರೊಡನೆ ತುಕ್ಕಿನ ಚಕ್ಕೆಗಳು, ಮತ್ತು ಬೂದು ಬಣ್ಣದ ಜಿಗುಟಾದ ಚೂರುಗಳು. ಆ ಬೂದು ಚೂರುಗಳು, ಸೋರಿಕೆ ನಿಲ್ಲಿಸಲೆಂದು ರೇಡಿಯೇಟರಿಗೆ ಸುರಿಯುವ ಬಾಟಲಿ ಮದ್ದಿನ ಉಳಿಕೆಯಂತೆ ಕಂಡವು. ಈ ಮದ್ದು ತೂತನ್ನು ಮುಚ್ಚುವ ಹಾಗೆಯೇ ಕೋರಿನ ಸಣ್ಣ ಕೊಳವೆಗಳನ್ನೂ ಮುಚ್ಚಬಲ್ಲದು. ಹೀಟರನ್ನು ನಂಬಿ ಬದುಕಬೇಕಾದ ಊರಿನಲ್ಲಿ ಅದನ್ನು ಬಳಸದಿರುವುದೇ ಒಳ್ಳೆಯದೆಂದು ನಾನು ದೃಢವಾಗಿ ನಂಬುತ್ತೇನೆ. ನೀರು ತಿಳಿಯಾಗಿ, ಧಾರೆ ದಪ್ಪವಾಗಿ ಎರಡೂ ದಿಕ್ಕಿಗೆ ಸರಾಗವಾಗಿ ಹರಿಯುವವರೆಗೆ ತೊಳೆದೆ. ಕೊನೆಗೆ ಡಿಸ್ಟಿಲ್ಡ್ ನೀರಿನಿಂದ ಒಮ್ಮೆ ತೊಳೆದು, ಒಳಗುಳಿದ ನೀರನ್ನು ಬಾಯಿಂದ ಊದಿ ಹೊರಹಾಕಿದೆ. ಬರಿಯ ನೀರು ಕೋರಿನಲ್ಲಿ ಉಳಿದು ಗ್ಯಾರೇಜಿನ ಚಳಿಗೆ ಹೆಪ್ಪುಗಟ್ಟಿದರೆ ಕೋರ್ ಬಿರಿಯುತ್ತದೆ, ಆದ್ದರಿಂದ ಈ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ರಾತ್ರಿ ಕಳೆಯುವಂತಿಲ್ಲ.

ಕೂಲಂಟಿಗೆ ನಲ್ಲಿಯ ನೀರನ್ನು ಬೆರೆಸಬಾರದು ಎಂಬುದು ಕರ್ನಾಟಕದ ಓದುಗರಿಗೂ ಹೇಳಬೇಕಾದ ಮಾತು. ಬೋರ್‌ವೆಲ್ಲಿನ ಗಡಸು ನೀರು ಪಾತ್ರೆಯಲ್ಲಿ ಕಟ್ಟಿಸುವ ಬಿಳಿ ಪೊರೆಯನ್ನೇ ರೇಡಿಯೇಟರಿನಲ್ಲಿಯೂ ಕಟ್ಟಿಸುತ್ತದೆ. ಬಣ್ಣ ನೋಡಿ ಕೂಲಂಟ್ ಕೊಳ್ಳುವುದೂ ಸರಿಯಲ್ಲ. ಹಸಿರು, ಕೆಂಪು, ನೀಲಿ ಬಣ್ಣಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥವಿಲ್ಲ, ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ನೋಡಬೇಕು. ನಾನು ಸಮಪಾಲು ಬೆರೆಸಿಯೇ ಮಾರುವ ಕೂಲಂಟನ್ನು ತುಂಬಿದೆ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ.

ಗಾಳಿಯನ್ನು ಹೊರಹಾಕುವ ಕೆಲಸವನ್ನು ಈ ಬಾರಿಯೂ ಸಾವಧಾನವಾಗಿ ಮಾಡಿದೆ. ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರುವಂತೆ ಕಾರಿನ ಮುಂಭಾಗವನ್ನು ರ‍್ಯಾಂಪಿನ ಮೇಲೆ ಏರಿಸಿ, ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಆಲಿಕೆಯನ್ನಿಟ್ಟು ಅದರಲ್ಲಿ ಅರ್ಧದಷ್ಟು ಕೂಲಂಟ್ ಇರುವಂತೆ ನೋಡಿಕೊಂಡೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ಶುರು ಮಾಡಿದೆ. ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೆ ಆಲಿಕೆಯಲ್ಲಿ ದೊಡ್ಡ ಗುಳ್ಳೆಗಳು ಎದ್ದು, ಕೂಲಂಟ್ ಒಮ್ಮೆ ಕೆಳಗಿಳಿಯಿತು. ಕೈಗವಸು ಹಾಕಿಕೊಂಡು ಮೇಲಿನ ದಪ್ಪ ಪೈಪನ್ನು ಆಗಾಗ ಹಿಸುಕುತ್ತ, ಇಳಿದಷ್ಟನ್ನು ತುಂಬುತ್ತ, ರೇಡಿಯೇಟರಿನ ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವವರೆಗೂ ಕಾದೆ. ಗುಳ್ಳೆಗಳು ಪೂರ್ತಿ ನಿಂತ ಮೇಲೆ ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಹೊಸ ಕ್ಯಾಪನ್ನು ಹಾಕಿದೆ. ಅವಸರ ಮಾಡಿದವರಿಗೆ ಒಂದೆರಡು ದಿನದಲ್ಲಿ ಹೀಟರ್ ಮತ್ತೆ ತಣ್ಣಗಾಗಿ, ಮಾಡಿದ ಕೆಲಸವೆಲ್ಲ ವ್ಯರ್ಥವಾಯಿತೆಂಬ ಭ್ರಮೆ ಹುಟ್ಟುವುದು ಈ ಹಂತದಿಂದಲೇ.

ಮರುದಿನ ಬೆಳಿಗ್ಗೆ ಹೊರಗೆ ಮೈನಸ್ 14 ಡಿಗ್ರಿ ಇದ್ದಾಗ ಅಡುಗೆಮನೆಯ ಥರ್ಮಾಮೀಟರನ್ನು ನಡುವಿನ ಕಿಂಡಿಗೆ ಸಿಕ್ಕಿಸಿಕೊಂಡು ಹೊರಟೆ. ಇಂಜಿನ್ ಕಾದ ಮೇಲೆ ಗಾಳಿ 58 ಡಿಗ್ರಿಗೆ ಏರಿತು, ಸಿಗ್ನಲ್ಲಿನಲ್ಲಿ ನಿಂತಾಗ 54ಕ್ಕಿಂತ ಕೆಳಗೆ ಇಳಿಯಲಿಲ್ಲ. ಕೋರಿನ ಎರಡು ಪೈಪುಗಳ ನಡುವಿನ ಅಂತರ 15 ಡಿಗ್ರಿಗೆ ಬಂದಿತ್ತು. ಚಾಲಕನ ಕಡೆಯ ಕಿಂಡಿ ಪಕ್ಕದ್ದಕ್ಕಿಂತ ಈಗಲೂ ಎರಡು ಮೂರು ಡಿಗ್ರಿ ಹಿಂದಿದೆ. ಕೆಲವು ಕೊಳವೆಗಳು ಇನ್ನೂ ಮುಚ್ಚಿರಬೇಕು. ಆ ಚಳಿಗಾಲದುದ್ದಕ್ಕೂ ತಣ್ಣಗಿರುವಾಗ ಕ್ಯಾಪ್ ಬಿಚ್ಚಿ ನೋಡುತ್ತ ಬಂದಿದ್ದೇನೆ, ದ್ರವ ಬಾಯಿಮಟ್ಟವೇ ಇದೆ, ರಿಸರ್ವ್ ಡಬ್ಬಿಯಲ್ಲಿಯೂ ಅದು ಕಾದಾಗ ಏರಿ ತಣ್ಣಗಾದಾಗ ಇಳಿಯುತ್ತಿದೆ. ತೊಳೆದ ನೀರು ಇಂಜಿನ್ನಿನ ಒಳಮೂಲೆಗಳಲ್ಲಿ ಅಷ್ಟಿಷ್ಟು ಉಳಿದು ಮಿಶ್ರಣವನ್ನು ತೆಳುಮಾಡಿರಬಹುದೆಂದು ಮಿಶ್ರಣದ ಸಾಂದ್ರತೆಯನ್ನು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿ ನೋಡಿದಾಗ ಹೆಪ್ಪುಗಟ್ಟುವ ಮಟ್ಟ ಮೈನಸ್ 33 ಎಂದು ತೋರಿಸಿತು. ಈ ಊರಿನ ಚಳಿಗೆ ಅಷ್ಟು ಸಾಲದು, ಆದ್ದರಿಂದ ಕೂಡಲೇ ಸ್ವಲ್ಪ ಕೂಲಂಟನ್ನು ರೇಡಿಯೇಟರಿನ ಕೆಳಗಿನ ತಿರುಪಿನಿಂದ ಇಳಿಸಿ, ಅದರ ಜಾಗಕ್ಕೆ ನೀರು ಬೆರೆಸದ ಗಟ್ಟಿ ಕೂಲಂಟನ್ನು ತುಂಬಿ ಮತ್ತೆ ಮೈನಸ್ 37ಕ್ಕೆ ತಂದೆ.